ಥಾರ್ನ್‌ಫೀಲ್ಡಿನ ಅಟ್ಟದ ಹೆಂಗಸು: ಬರ್ಥಾ ಮೇಸನ್ ಓದಿನ ಚರಿತ್ರೆ

1847ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ‘ಜೇನ್ ಐರ್’ ಪ್ರಕಟವಾದಾಗ ಅದರ ಮೇಲಿದ್ದದ್ದು ಗಂಡೋ ಹೆಣ್ಣೋ ತಿಳಿಯದ ಹೆಸರು: ಕರರ್ ಬೆಲ್. ಬರೆದವಳು ಯಾರ್ಕ್‌ಷೈರಿನ ಹಾವರ್ತ್ ಊರಿನ ಪಾದ್ರಿಯ ಮಗಳು ಷಾರ್ಲೆಟ್ ಬ್ರಾಂಟಿ. ಮರುವರ್ಷದ ಡಿಸೆಂಬರಿನಲ್ಲಿ ‘ಕ್ವಾರ್ಟರ್ಲಿ ರಿವ್ಯೂ’ನಲ್ಲಿ ಎಲಿಜಬೆತ್ ರಿಗ್ಬಿ ಹೆಸರು ಹಾಕದೆ ಬರೆದ ವಿಮರ್ಶೆ ಆ ಕಾದಂಬರಿಯನ್ನು ಕ್ರೈಸ್ತಧರ್ಮಕ್ಕೆ ವಿರುದ್ಧವಾದುದೆಂದು ಜರೆಯಿತು. ಕಾರ್ಮಿಕರ ಚಾರ್ಟಿಸ್ಟ್ ಚಳವಳಿಯನ್ನು ಬೆಳೆಸಿದ ಬಂಡಾಯದ ಮನೋಭಾವವೇ ಅದರಲ್ಲೂ ಇದೆ ಎಂಬುದು ಆಕೆಯ ಆಕ್ಷೇಪ. ಕಾದಂಬರಿಯ ನಾಯಕಿ ಜೇನ್ ಬಗ್ಗೆ ಹೀಗೆ ಕಾವೇರಿದ ಮಾತುಗಳು ನಡೆದವು. ಅವಳು ಕೆಲಸಕ್ಕಿದ್ದ ಥಾರ್ನ್‌ಫೀಲ್ಡ್ ಮನೆಯ ಮೂರನೇ ಮಹಡಿಯಲ್ಲಿ ವರ್ಷಗಟ್ಟಲೆ ಕೂಡಿಹಾಕಲ್ಪಟ್ಟ, ಮನೆಯ ಒಡೆಯ ರಾಚೆಸ್ಟರ್‌ನ ಹೆಂಡತಿ ಬರ್ಥಾ ಮೇಸನ್ ಚರ್ಚೆಯ ನಡುವಿಗೆ ಬರಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಕಾದಂಬರಿಯ 12ನೇ ಅಧ್ಯಾಯದಲ್ಲಿ ಜೇನ್ ಮನೆಯ ಮಾಳಿಗೆ ಏರಿ ದಿಗಂತದತ್ತ ನೋಡುತ್ತಾಳೆ. ಹೆಂಗಸರಿಗೂ ಗಂಡಸರಂತೆಯೇ ದುಡಿಯುವ, ಬೆಳೆಯುವ ಹಂಬಲವಿದೆ ಎಂದು ಯೋಚಿಸುತ್ತಾಳೆ. ಆ ಯೋಚನೆ ಮುಗಿಯುತ್ತಿದ್ದಂತೆ ಒಂದು ನಗು ಕೇಳಿಸುತ್ತದೆ. ಅದು ಕೆಲಸದಾಕೆ ಗ್ರೇಸ್ ಪೂಲ್‌ಳ ನಗು ಎಂದು ಜೇನ್ ನಂಬುತ್ತಾಳೆ, ನಕ್ಕವಳು ಬರ್ಥಾ. 1929ರಲ್ಲಿ ವರ್ಜೀನಿಯಾ ವೂಲ್ಫ್ ಈ ತಿರುವನ್ನು ಎತ್ತಿಕೊಂಡು, ಲೇಖಕಿಯ ಸಿಟ್ಟು ಇಲ್ಲಿ ಕಥೆಯ ಓಟವನ್ನು ಕಡಿದಿದೆ ಎಂದಳು. ಐವತ್ತು ವರ್ಷಗಳ ನಂತರ, 1979ರಲ್ಲಿ, ಸಾಂಡ್ರಾ ಗಿಲ್ಬರ್ಟ್ ಮತ್ತು ಸೂಸನ್ ಗೂಬರ್ ‘ದಿ ಮ್ಯಾಡ್‌ವುಮನ್ ಇನ್ ದಿ ಆಟಿಕ್’ ಗ್ರಂಥದಲ್ಲಿ ಬರ್ಥಾಳನ್ನು ಜೇನ್‌ಳದೇ ಅದುಮಿಟ್ಟ ಸಿಟ್ಟಿನ ರೂಪವಾಗಿ ಕಂಡರು. ರಾಚೆಸ್ಟರ್‌ನೊಂದಿಗಿನ ಮದುವೆಗೆಂದು ಬಂದ ಮುಸುಕು ಜೇನ್‌ಗೆ ಒಳಗೊಳಗೇ ಬೇಡವಾಗಿತ್ತು. ರಾತ್ರಿ ಬಂದು ಅದನ್ನು ಹರಿದವಳು ಬರ್ಥಾ. ಹೀಗೆ ಓದಿದರೆ ವೂಲ್ಫ್‌ಗೆ ದೋಷವಾಗಿ ಕಂಡ ನಗು ಇರಬೇಕಾದ ಜಾಗದಲ್ಲೇ ಇದೆ.

ಆದರೂ ಈ ಓದಿನಲ್ಲಿ ಬರ್ಥಾ ಇನ್ನೊಬ್ಬಳ ನೆರಳಾಗಿಯೇ ಉಳಿಯುತ್ತಾಳೆ. ಡೊಮಿನಿಕಾ ದ್ವೀಪದಲ್ಲಿ 1890ರಲ್ಲಿ ಹುಟ್ಟಿದ ಜೀನ್ ರೀಸ್ 1966ರಲ್ಲೇ ಅವಳಿಗೆ ಸ್ವಂತ ಬದುಕೊಂದನ್ನು ಕೊಟ್ಟಿದ್ದಳು. ಬ್ರಾಂಟಿಯ ಕಾದಂಬರಿಯಲ್ಲಿ ಜೇನ್‌ಳ ಮದುವೆ ತಡೆಯಲು ಇಗರ್ಜಿಯಲ್ಲಿ ವಕೀಲ ಓದುವ ಕಾಗದದಲ್ಲಿ ಬರ್ಥಾಳ ಪೂರ್ತಿ ಹೆಸರು ಬರುತ್ತದೆ: ಬರ್ಥಾ ಆಂಟೊನೆಟ್ಟಾ ಮೇಸನ್. ರೀಸ್‌ಳ ‘ವೈಡ್ ಸಾರ್ಗ್ಯಾಸೊ ಸೀ’ಯ ನಾಯಕಿ ಆಂಟ್ವನೆಟ್, ‘ಬರ್ಥಾ’ ಎಂಬುದು ಗಂಡ ಹೇರಿದ ಹೆಸರು. ಅವಳ ಆಸ್ತಿಗೆ ಕಾನೂನಿನ ಭದ್ರತೆ ಮಾಡದೆ ಮದುವೆ ಮಾಡುತ್ತಿದ್ದಾರೆಂದು ಚಿಕ್ಕಮ್ಮ ಕೋರಾ ಜಗಳವಾಡುತ್ತಾಳೆ. ಈ ಜಗಳ ಲೇಖಕಿಯ ಬರೀ ಕಲ್ಪನೆಯಲ್ಲ. ಪ್ರತ್ಯೇಕ ಕರಾರು ಇಲ್ಲದಿದ್ದರೆ ಹೆಂಡತಿಯ ಹಣ ಗಂಡನ ಪಾಲಾಗುತ್ತಿದ್ದ ಕಾಲ ಅದು. ಇಂಗ್ಲೆಂಡಿನಲ್ಲಿ ವಿವಾಹಿತೆಯರ ಆಸ್ತಿಹಕ್ಕಿನ ಮುಖ್ಯ ಕಾಯಿದೆ ಬಂದದ್ದು 1882ರಲ್ಲಿ. ರಾಚೆಸ್ಟರ್‌ಗೆ ಬರ್ಥಾಳ ಜೊತೆ ಬಂದ ಹಣ 30,000 ಪೌಂಡು.

1985ರಲ್ಲಿ ಗಾಯತ್ರಿ ಚಕ್ರವರ್ತಿ ಸ್ಪಿವಾಕ್ ‘ಕ್ರಿಟಿಕಲ್ ಇನ್‌ಕ್ವೈರಿ’ಯಲ್ಲಿ ಬರೆದ ಪ್ರಬಂಧ ಸ್ತ್ರೀವಾದಿ ವಿಮರ್ಶೆಯನ್ನೇ ಕಟಕಟೆಯಲ್ಲಿ ನಿಲ್ಲಿಸಿತು. ಜೇನ್ ಸ್ವತಂತ್ರ ವ್ಯಕ್ತಿಯಾಗಿ ಅರಳಬೇಕಾದರೆ ವಸಾಹತಿನಿಂದ ಬಂದ ಹೆಣ್ಣು ಮನೆಗೆ ಬೆಂಕಿಯಿಟ್ಟು ಸಾಯಬೇಕು. ಆ ವ್ಯವಸ್ಥೆಯನ್ನು ಪ್ರಶ್ನಿಸದೆ ಜೇನ್‌ಳನ್ನು ಕೊಂಡಾಡುವುದು ಸಾಮ್ರಾಜ್ಯದ ತರ್ಕವನ್ನೇ ಒಪ್ಪಿದಂತೆ ಎಂದು ಅವರು ವಾದಿಸಿದರು. ರೀಸ್‌ಳನ್ನೂ ಬಿಡಲಿಲ್ಲ: ಮಾರ್ಟಿನಿಕ್‌ನ ಕಪ್ಪು ಹೆಂಗಸು ಕ್ರಿಸ್ಟೊಫೀನ್ ಆ ಕಾದಂಬರಿಯ ಅಂಚಿನಿಂದಲೇ ಹೊರನಡೆಯುತ್ತಾಳೆ ಎಂದು ತೋರಿಸಿದರು.

ಸ್ಪಿವಾಕ್ ಮಾತಿಗೆ ಪುಷ್ಟಿ ಕೊಡುವ ವಿವರ ಬ್ರಾಂಟಿಯ ಪುಟಗಳಲ್ಲೇ ಇದೆ. ಜೇನ್‌ಗೆ 20,000 ಪೌಂಡು ಬಿಟ್ಟುಹೋದ ಚಿಕ್ಕಪ್ಪ ಮಡೀರಾ ದ್ವೀಪದ ವ್ಯಾಪಾರಿ. ಜಮೈಕಾದ ಮೇಸನ್ ಸಂಸ್ಥೆಗೆ ವರ್ಷಗಳಿಂದ ಅವನೇ ಅಲ್ಲಿನ ಪ್ರತಿನಿಧಿ. ಜೇನ್‌ಳ ಸ್ವಾತಂತ್ರ್ಯಕ್ಕೆ ನೆರವಾದ ಹಣಕ್ಕೂ ಬರ್ಥಾಳನ್ನು ಅಟ್ಟ ಸೇರಿಸಿದ ಹಣಕ್ಕೂ ಹೀಗೆ ವ್ಯಾಪಾರದ ನಂಟಿತ್ತು. ಇನ್ನು ಬರ್ಥಾಳ ಮಾತು: ಇಡೀ ಕಾದಂಬರಿಯಲ್ಲಿ ಅವಳು ಓದುಗರೆದುರು ನೇರವಾಗಿ ಬಾಯಿ ತೆರೆದು ಒಂದು ವಾಕ್ಯವನ್ನೂ ಆಡುವುದಿಲ್ಲ. ಅವಳು ಹೀಗೆಂದಳು ಎಂದು ಅವಳಿಂದಲೇ ಗಾಯಗೊಂಡ ಸೋದರ ವರದಿ ಮಾಡುತ್ತಾನೆ. ‘ಜೇನ್ ಐರ್’ ಹೆಣ್ಣಿನ ಸ್ವಾತಂತ್ರ್ಯದ ದೊಡ್ಡ ಕಾದಂಬರಿ ಹೌದು. ಅದು ಕೊಡುವ ಸ್ವಾತಂತ್ರ್ಯ ಮಾತ್ರ ಒಬ್ಬಳಿಗೆ.