ಶಿಫಾರಸು, ಶಾಸನ, ಜಾಲತಾಣ: ಕಾಸರಗೋಡಿನ ಗಡಿ ಇತಿಹಾಸದ ಆಕರಗಳನ್ನು ಕುರಿತು

ಕಾಸರಗೋಡಿನ ಇತಿಹಾಸವನ್ನು ಅಂತರ್ಜಾಲದಲ್ಲಿ ಹುಡುಕುವವರಿಗೆ ಮೂರು ಹೇಳಿಕೆಗಳು ಮತ್ತೆ ಮತ್ತೆ ಎದುರಾಗುತ್ತವೆ. ಕಾಸರಗೋಡು ಜಿಲ್ಲೆ 1956ರಲ್ಲಿ ಕೇರಳಕ್ಕೆ ಸೇರಿತು ಎಂಬುದು ಮೊದಲನೆಯದು. ಮಹಾಜನ ಆಯೋಗ ಅದನ್ನು ಕರ್ನಾಟಕಕ್ಕೆ ಕೊಟ್ಟಿದೆ ಎಂಬುದು ಎರಡನೆಯದು. ಅಲ್ಲಿ ಕನ್ನಡ ಮಾತೃಭಾಷೆಯವರು ಅಲ್ಪಸಂಖ್ಯೆಯಲ್ಲಿರುವುದರಿಂದ ಕನ್ನಡದ ಪ್ರಶ್ನೆಯೇ ಇಲ್ಲ ಎಂಬುದು ಮೂರನೆಯದು. ಮೂರರಲ್ಲಿಯೂ ಸತ್ಯದ ಅಂಶವಿದೆ. ಆದರೆ ಹೇಳಿದ ರೂಪದಲ್ಲಿ ಒಂದೂ ನಿಲ್ಲುವುದಿಲ್ಲ. ಜಾಲತಾಣದ ಆಕರವನ್ನು ಒರೆಗೆ ಹಚ್ಚುವ ಕ್ರಮವನ್ನು ಈ ಮೂರನ್ನು ಮುಂದಿಟ್ಟುಕೊಂಡೇ ಪರಿಶೀಲಿಸಬಹುದು.

ಮೊದಲನೆಯದು ಕಾಲವಿಪರ್ಯಾಸದ ದೋಷ. 1956ರಲ್ಲಿ ಕೇರಳಕ್ಕೆ ಸೇರಿದ್ದು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು. ಮರುವರ್ಷ ಅದು ಕಣ್ಣೂರು ಜಿಲ್ಲೆಯ ಭಾಗವಾಯಿತು. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರ ಮೇ 24ರಂದು. ಇದು ಸಣ್ಣ ತಪ್ಪಲ್ಲ. 1951ರ ಜನಗಣತಿಯ ಅಂಕಿಗಳು ತಾಲೂಕಿಗೆ ಸಂಬಂಧಿಸಿದವು, 2011ರವು ಜಿಲ್ಲೆಗೆ. ಎಲ್ಲೆ ಯಾವುದೆಂದು ನೋಡದೆ ಎರಡನ್ನೂ ಅಕ್ಕಪಕ್ಕ ಇಟ್ಟು 'ಕನ್ನಡಿಗರು ಇಷ್ಟು ಕಡಿಮೆಯಾದರು' ಎಂದು ಬರೆದ ಪಟ್ಟಿಯಲ್ಲಿ ಅಂಕಿಗಳು ನಿಜವಿದ್ದರೂ ಹೋಲಿಕೆ ಸುಳ್ಳಾಗುತ್ತದೆ.

ಎರಡನೆಯ ಹೇಳಿಕೆ ನಮ್ಮವರಿಗೆ ಹೆಚ್ಚು ಪ್ರಿಯವಾದದ್ದು. ಆದ್ದರಿಂದಲೇ ಅದನ್ನು ಹೆಚ್ಚು ಕಟ್ಟುನಿಟ್ಟಾಗಿ ಪರೀಕ್ಷಿಸಬೇಕು. ಫಜಲ್ ಅಲಿಯವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ತನ್ನ ವರದಿಯಲ್ಲಿ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಬೇಕೆಂದಿತು. 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆ ಅದನ್ನೇ ಶಾಸನವಾಗಿಸಿತು. 1966ರ ಅಕ್ಟೋಬರಿನಲ್ಲಿ ನೇಮಕಗೊಂಡ ಮೆಹರ್ ಚಂದ್ ಮಹಾಜನ ಅವರ ಏಕಸದಸ್ಯ ಆಯೋಗವು 1967ರ ಆಗಸ್ಟಿನಲ್ಲಿ ವರದಿ ಸಲ್ಲಿಸಿ, ಚಂದ್ರಗಿರಿ ಹಾಗೂ ಪಯಸ್ವಿನಿ ನದಿಗಳ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸುವಂತೆ ಶಿಫಾರಸು ಮಾಡಿತು. ಅಂದರೆ ಆಯೋಗ ಹೇಳಿದ್ದು ಒಂದು ಭಾಗವನ್ನು ಕುರಿತು, ಇಡೀ ಕಾಸರಗೋಡನ್ನು ಕುರಿತಲ್ಲ; ಹೇಳಿದ್ದೂ ಶಿಫಾರಸಾಗಿ, ತೀರ್ಪಾಗಿ ಅಲ್ಲ. ಮಹಾಜನರು ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿಗಳಾಗಿದ್ದುದರಿಂದ ಅವರ ವರದಿಗೆ 'ತೀರ್ಪು' ಎಂಬ ಹೆಸರು ಸುಲಭವಾಗಿ ಅಂಟಿಕೊಂಡಿರಬಹುದು. ಆದರೆ ಸಂವಿಧಾನದ 3ನೆಯ ವಿಧಿಯಂತೆ ರಾಜ್ಯದ ಗಡಿಯನ್ನು ಬದಲಿಸುವ ಅಧಿಕಾರ ಸಂಸತ್ತಿನದು, ಮತ್ತು ಸಂಸತ್ತು ಆ ಶಿಫಾರಸನ್ನು ಕಾಯಿದೆಯಾಗಿಸಲಿಲ್ಲ. ವರದಿಯ ಮೂಲಪಾಠವನ್ನೂ ಕಾಯಿದೆಯ ಮೂಲಪಾಠವನ್ನೂ ಒಟ್ಟಿಗೆ ಓದಿದವರಿಗೆ ಈ ಅಂತರ ತಾನೇ ತಾನಾಗಿ ಕಾಣುತ್ತದೆ. ಒಂದು ಜಾಲಪುಟದಿಂದ ಇನ್ನೊಂದು ಜಾಲಪುಟಕ್ಕೆ ಸಾಗಿದವರಿಗೆ ಕಾಣುವುದಿಲ್ಲ.

ಮೂರನೆಯ ಹೇಳಿಕೆಯಲ್ಲಿ ಅಂಕಿ ಸರಿಯಿರಬಹುದು, ಅರ್ಥ ತಪ್ಪು. ಜನಗಣತಿ ಕೇಳುವುದು ಮಾತೃಭಾಷೆಯನ್ನು. ಕಾಸರಗೋಡಿನ ಉತ್ತರ ಭಾಗದಲ್ಲಿ ತುಳು, ಕೊಂಕಣಿ, ಮರಾಠಿ ಮನೆಮಾತಿನ ಎಷ್ಟೋ ಕುಟುಂಬಗಳಿಗೆ ಶಾಲೆಯ, ಬರವಣಿಗೆಯ, ಯಕ್ಷಗಾನದ ಭಾಷೆ ಕನ್ನಡ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ಮನೆಮಾತನ್ನಷ್ಟೇ ಎಣಿಸುವ ಕೋಷ್ಟಕದಲ್ಲಿ ಗಡಿನಾಡಿನ ಈ ಇಬ್ಬರು ಕನ್ನಡ ಕವಿಗಳೂ ಕನ್ನಡದ ಕಾಲಮಿನಿಂದ ಹೊರಗುಳಿಯುತ್ತಾರೆ. ಯಾವ ಪ್ರಶ್ನೆಗೆ ಉತ್ತರವಾಗಿ ಅಂಕಿ ಸಂಗ್ರಹವಾಯಿತು ಎಂಬುದನ್ನು ಅರಿಯದೆ ಅದನ್ನು ಬೇರೊಂದು ಪ್ರಶ್ನೆಗೆ ಉತ್ತರವಾಗಿ ಬಳಸಬಾರದು.

ಈ ಮೂರು ನಿದರ್ಶನಗಳಿಂದ ಹೊರಡುವ ಕ್ರಮ ಇಷ್ಟು. ಮೂಲ ದಸ್ತಾವೇಜು ದೊರೆಯುವಲ್ಲಿ ಅದರ ಸಾರಾಂಶವನ್ನು ನೆಚ್ಚಬಾರದು. ಹತ್ತು ತಾಣಗಳು ಒಂದೇ ಮಾತನ್ನು ಹೇಳಿದರೆ ಅವು ಹತ್ತು ಸಾಕ್ಷಿಗಳಲ್ಲ. ವಾಕ್ಯರಚನೆ ಒಂದೇ ಆಗಿದ್ದರೆ, ತಪ್ಪುಗಳೂ ಒಂದೇ ಆಗಿದ್ದರೆ, ಒಬ್ಬನೇ ಸಾಕ್ಷಿ ಹತ್ತು ಬಾರಿ ಮಾತನಾಡಿದಂತೆ. ಹಸ್ತಪ್ರತಿಗಳ ವಂಶವೃಕ್ಷವನ್ನು ಗುರುತಿಸಲು ಗ್ರಂಥಸಂಪಾದಕರು ಸಮಾನ ದೋಷಗಳನ್ನು ಹುಡುಕುವುದೂ ಇದೇ ತರ್ಕದಿಂದ. ಇಲ್ಲಿ ದ್ವಿಭಾಷಿಕರಿಗೆ ಒಂದು ಅನುಕೂಲವಿದೆ: ಒಂದೇ ಘಟನೆಯನ್ನು ಕನ್ನಡ ಪುಟ ಹೇಗೆ ಹೇಳುತ್ತದೆ, ಮಲಯಾಳ ಪುಟ ಹೇಗೆ ಹೇಳುತ್ತದೆ ಎಂದು ನೋಡಿ, ಎರಡೂ ಮೌನವಾಗಿರುವ ಜಾಗವನ್ನು ಗುರುತಿಸಬಹುದು. ಕನ್ನಡ ಪುಟ 1956ರ ಕಾಯಿದೆಯನ್ನೂ ಮಲಯಾಳ ಪುಟ 1967ರ ಶಿಫಾರಸನ್ನೂ ಒಂದೇ ಸಾಲಿನಲ್ಲಿ ಮುಗಿಸಿದರೆ, ಓದುಗ ಆ ಸಾಲುಗಳಲ್ಲಿಯೇ ನಿಲ್ಲಬೇಕು.

ಇದು ಪಾಂಡಿತ್ಯದ ಪ್ರಶ್ನೆ ಮಾತ್ರವಲ್ಲ. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ಮತ್ತು 350ಬಿ ವಿಧಿಗಳು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯವನ್ನೂ ಅಲ್ಪಸಂಖ್ಯಾತರ ರಕ್ಷಣೆಗಳನ್ನು ಪರಿಶೀಲಿಸುವ ವಿಶೇಷಾಧಿಕಾರಿಯನ್ನೂ ಕುರಿತವು. ಅವನ್ನು ಆಧರಿಸಿ ಬರೆಯುವ ಮನವಿಯಲ್ಲಿ ಒಂದು ತಪ್ಪು ಇಸವಿ, ಒಂದು ಉಬ್ಬಿಸಿದ ಅಂಕಿ ನುಸುಳಿದರೆ, ಉಳಿದ ನಿಜವಾದ ಮಾತುಗಳನ್ನೂ ಬದಿಗಿರಿಸಲು ಅದೇ ನೆಪವಾಗುತ್ತದೆ. ಬಹುಸಂಖ್ಯಾತರ ತಪ್ಪಿಗೆ ಕ್ಷಮೆ ಬೇಗ ಸಿಗುತ್ತದೆ. ಅಲ್ಪಸಂಖ್ಯಾತರ ತಪ್ಪು ಕಡತದಲ್ಲಿ ಉಳಿಯುತ್ತದೆ. ಕಾಲನಿರ್ಣಯಕ್ಕಾಗಿ ಹಲವು ಭಾಷೆಗಳ ಆಕರಗಳನ್ನು ತೂಗಿ ನೋಡಿದ ಗೋವಿಂದ ಪೈಗಳ ನೆಲದಲ್ಲಿ ಬರೆಯುವವರಿಗೆ ಈ ಎಚ್ಚರ ಹೊಸದಾಗಿ ಕಲಿಯಬೇಕಾದದ್ದಲ್ಲ, ಮರೆಯಬಾರದ್ದು.