ಕೋಲೆಲ್

ಮದುವೆಯಾದ ಯೆಹೂದಿ ಗಂಡಸರು ಬೇರೆ ಉದ್ಯೋಗ ಹಿಡಿಯದೆ ದಿನಪೂರ್ತಿ ಧರ್ಮಗ್ರಂಥಗಳ ಅಧ್ಯಯನದಲ್ಲಿ ತೊಡಗುವ ವಿದ್ಯಾಕೇಂದ್ರ. ಓದುವವರಿಗೆ ಸಂಸ್ಥೆ ತಿಂಗಳಿಗಿಷ್ಟೆಂದು ಅಲ್ಪ ವೇತನ ಕೊಡುತ್ತದೆ. ಇದು ಕಟ್ಟಾ ಸಂಪ್ರದಾಯಸ್ಥರಾದ ಹರೇದಿ ಯೆಹೂದಿಗಳಲ್ಲಿ, ವಿಶೇಷವಾಗಿ ಲಿಥುವೇನಿಯಾದ ಪರಂಪರೆಗೆ ಸೇರಿದವರಲ್ಲಿ ಹೆಚ್ಚು ಪ್ರಚಾರದಲ್ಲಿದೆ. ಅವಿವಾಹಿತರು ಓದುವುದು ಯೆಶಿವಾದಲ್ಲಿ. ಮದುವೆಯ ನಂತರ ಓದು ಮುಂದುವರಿಯುವುದು ಕೋಲೆಲ್‌ನಲ್ಲಿ. ಇಲ್ಲಿನ ವಿದ್ಯಾರ್ಥಿಯನ್ನು ಇಸ್ರೇಲಿನಲ್ಲಿ ಅವ್ರೆಖ್ ಎಂದೂ ಯಿಡ್ಡಿಷ್ ಬಳಕೆಯಿರುವ ಕಡೆ ಯುಂಗರ್‌ಮಾನ್ ಎಂದೂ ಕರೆಯುತ್ತಾರೆ. ಓದು ಮುಗಿದ ಮೇಲೆ ಮದುವೆ, ಮದುವೆಯಾದ ಮೇಲೆ ಸಂಪಾದನೆ ಎಂಬ ಕ್ರಮ ನಮ್ಮ ಆಶ್ರಮಧರ್ಮದಲ್ಲಿದೆ. ಕೋಲೆಲ್ ಸಂಸಾರದ ನಡುವೆಯೇ ವಿದ್ಯಾರ್ಥಿದೆಸೆಗೆ ಜಾಗ ಮಾಡಿಕೊಟ್ಟಿದೆ.

ದಿನದ ಓದು ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಪಾಳಿಗಳಲ್ಲಿ ನಡೆಯುತ್ತದೆ. ಒಂದೊಂದು ಪಾಳಿಗೂ ಸೇದರ್ ಎಂದು ಹೆಸರು. ಪಾಠ ಹೇಳುವ ಗುರುವಿಗಿಂತ ಇಲ್ಲಿ ಮುಖ್ಯನಾದವನು ಜೊತೆಗಾರ. ಇಬ್ಬಿಬ್ಬರು ಎದುರುಬದುರು ಕುಳಿತು ಒಂದೇ ಪುಟವನ್ನು ಗಟ್ಟಿಯಾಗಿ ಓದಿ ವಾದಿಸುವ ಈ ಪದ್ಧತಿಯೇ ಹವ್ರುತಾ. ನೂರಾರು ಜೋಡಿಗಳು ಒಟ್ಟಿಗೆ ವಾದಕ್ಕಿಳಿದಾಗ ಅಧ್ಯಯನಶಾಲೆ ಸಂತೆಯಂತೆ ಗಲಗಲ ಎನ್ನುತ್ತದೆ. ಮೌನವಾಗಿ ಓದುವವನೇ ಅಲ್ಲಿ ಎದ್ದು ಕಾಣುತ್ತಾನೆ.

ಓದಿನ ಜೀವಾಳ ಯೆಹೂದಿ ಧರ್ಮಶಾಸ್ತ್ರದ ಚರ್ಚೆಗಳ ಸಂಗ್ರಹವಾದ ತಾಲ್ಮುದ್. ಬ್ಯಾಬಿಲೋನಿನ ತಾಲ್ಮುದ್‌ನಲ್ಲಿ 2,711 ಹಾಳೆಗಳಿವೆ. ಪುಟದ ನಡುವೆ ಮೂಲ, ಒಂದು ಮಗ್ಗುಲಲ್ಲಿ 11ನೆಯ ಶತಮಾನದ ವಿದ್ವಾಂಸ ರಾಶಿಯ ವ್ಯಾಖ್ಯಾನ, ಇನ್ನೊಂದು ಮಗ್ಗುಲಲ್ಲಿ ಅವನ ನಂತರದವರು ಬರೆದ ತೋಸಫೋತ್ ಟಿಪ್ಪಣಿ. ಎಳೆಯ ವಿದ್ಯಾರ್ಥಿಗಳೂ ಓದುವ ಬಾವಾ ಮೆತ್ಸಿಯಾ ಭಾಗದ ಮೊದಲ ಪ್ರಕರಣವನ್ನೇ ನೋಡಬಹುದು. ಇಬ್ಬರು ಒಂದು ಬಟ್ಟೆಯನ್ನು ಹಿಡಿದುಕೊಂಡು ನ್ಯಾಯಾಲಯಕ್ಕೆ ಬಂದಿದ್ದಾರೆ. ಪೂರ್ತಿ ತನ್ನದೆಂದು ಇಬ್ಬರದೂ ಹಟ. ತನ್ನ ಪಾಲು ಅರ್ಧಕ್ಕಿಂತ ಕಡಿಮೆಯಿಲ್ಲವೆಂದು ಇಬ್ಬರೂ ಪ್ರಮಾಣ ಮಾಡಿ ಬಟ್ಟೆಯನ್ನು ಸಮನಾಗಿ ಹಂಚಿಕೊಳ್ಳಬೇಕು ಎಂಬುದು ತೀರ್ಪು. ಒಬ್ಬ ಪೂರ್ತಿ ಕೇಳಿ ಇನ್ನೊಬ್ಬ ಅರ್ಧ ಮಾತ್ರ ಕೇಳಿದರೆ? ಆಗ ಮೊದಲಿನವನಿಗೆ ಮುಕ್ಕಾಲು, ಎರಡನೆಯವನಿಗೆ ಕಾಲು: ಜಗಳವಿರುವುದು ಅರ್ಧದ ಮೇಲಷ್ಟೇ. ಪ್ರಶ್ನೆಗಳು ಏಳುವುದು ಇಲ್ಲಿಂದ. ಹೇಗೂ ಹಂಚುವುದಾದರೆ ಪ್ರಮಾಣ ಏಕೆ? ಕಂಡವರ ಬಟ್ಟೆಗೆ ಕೈಹಾಕಿ ಅರ್ಧ ಗಿಟ್ಟಿಸುವ ಚಾಳಿ ಬೆಳೆಯಬಾರದೆಂದು ಎನ್ನುತ್ತಾನೆ ರಬ್ಬಿ (ಧರ್ಮಗುರು) ಯೋಹಾನಾನ್. ಸರಿ, ಸುಳ್ಳು ಹೇಳಿ ಕಸಿಯಲು ಹೇಸದವನು ಸುಳ್ಳು ಪ್ರಮಾಣಕ್ಕೆ ಹೇಸುತ್ತಾನೆಯೇ? ಒಂದು ಹಾಳೆಯ ಮೇಲೆ ವಾರಗಟ್ಟಲೆ ನಿಲ್ಲುವುದುಂಟು. ಬುದ್ಧಿಯನ್ನು ಹೀಗೆ ಮಸೆಯುವ ಓದಿನ ರುಚಿ ಹತ್ತಿದವನಿಗೆ ಅದನ್ನು ಬಿಟ್ಟುಬರುವುದು ಕಷ್ಟ. ಕೋಲೆಲ್ ಬಾಳಿದ್ದಕ್ಕೆ ಈ ರುಚಿಯೂ ಒಂದು ಕಾರಣ. ಹೊರಗಿನವರ ಚರ್ಚೆಯಲ್ಲಿ ಇದು ಮರೆತುಹೋಗುತ್ತದೆ.

ಯೂರೋಪಿನ ಧರ್ಮದತ್ತಿಯಿಂದ ಜೆರುಸಲೆಮ್ ಮುಂತಾದ ಪವಿತ್ರ ನಗರಗಳಲ್ಲಿ ಬದುಕುತ್ತಿದ್ದ, ಊರುವಾರು ಗುಂಪುಗಳಿಗೆ 19ನೆಯ ಶತಮಾನದಲ್ಲಿ ಕೋಲೆಲ್ ಎಂಬ ಹೆಸರಿತ್ತು. ಇಂದಿನ ಅರ್ಥದ ಕೋಲೆಲ್ ಹುಟ್ಟಿದ್ದು ಲಿಥುವೇನಿಯಾದ ಕೋವ್ನೋ ಪಟ್ಟಣದಲ್ಲಿ, 1870ರ ದಶಕದ ಕೊನೆಯ ಹೊತ್ತಿಗೆ. ನೈತಿಕ ಶಿಸ್ತಿನ ಮೂಸಾರ್ ಚಳವಳಿಯ ರಬ್ಬಿ ಇಸ್ರೇಲ್ ಸಲಾಂತರ್ ಇದರ ಪ್ರೇರಕ. ಊರಿನ ರಬ್ಬಿ ಇಸಾಕ್ ಎಲ್ಹನಾನ್ ಸ್ಪೆಕ್ಟರ್ ಇದರ ಮುಖ್ಯಸ್ಥ. ಸೇರಿದವರು ಬೆರಳೆಣಿಕೆಯ ಮಂದಿ. ಅವರು ಹೆಂಡತಿ ಮಕ್ಕಳನ್ನು ಬಿಟ್ಟಿದ್ದು ಓದಬೇಕಿತ್ತು, ಕೆಲವು ವರ್ಷಗಳಲ್ಲಿ ರಬ್ಬಿಯಾಗಿ ಹೊರಬೀಳಬೇಕಿತ್ತು. ಎಂದರೆ ಅದು ಆಯ್ದ ಪ್ರತಿಭಾವಂತರ ತರಬೇತಿ ಶಾಲೆ. ಎಲ್ಲರೂ ಇಲ್ಲಿ ಓದಬೇಕೆಂಬ ಮಾತನ್ನು ಆಗ ಯಾರೂ ಆಡಿರಲಿಲ್ಲ.

ಆ ಮಾತು ಬಂದದ್ದು ನಾತ್ಸಿಗಳ ನರಮೇಧದ ನಂತರ. ಪೂರ್ವ ಯೂರೋಪಿನ ಯೆಶಿವಾಗಳು ಗುರುಶಿಷ್ಯರ ಸಮೇತ ನಾಶವಾಗಿದ್ದವು. ಕ್ಲೆತ್ಸ್ಕ್ ಯೆಶಿವಾದ ಮುಖ್ಯಸ್ಥರಾಗಿದ್ದ ರಬ್ಬಿ ಆಹರೋನ್ ಕೋಟ್ಲರ್ 1941ರಲ್ಲಿ ಅಮೆರಿಕ ಸೇರಿದರು. 1943ರಲ್ಲಿ ನ್ಯೂಜೆರ್ಸಿಯ ಲೇಕ್‌ವುಡ್‌ನಲ್ಲಿ ಹತ್ತಾರು ಮಂದಿಯೊಂದಿಗೆ ಬೇತ್ ಮಿದ್ರಾಶ್ ಗವೋಹಾ ಎಂಬ ವಿದ್ಯಾಕೇಂದ್ರ ಆರಂಭಿಸಿದರು. ಪದವಿಗಾಗಿ, ಹುದ್ದೆಗಾಗಿ ಓದುವುದಲ್ಲ, ಧರ್ಮಗ್ರಂಥವಾದ ತೋರಾವನ್ನು ತೋರಾಕ್ಕಾಗಿಯೇ ಓದಬೇಕು ಎಂಬುದು ಅವರ ನಿಲುವು. 1962ರಲ್ಲಿ ಅವರು ತೀರಿಕೊಂಡರು. ಇಂದು ಅಲ್ಲಿ ಓದುವವರು ಸಾವಿರಾರು. 2000ದಲ್ಲಿ ಸುಮಾರು 60,000 ಇದ್ದ ಆ ಊರಿನ ಜನಸಂಖ್ಯೆ 2020ರ ಗಣತಿಯಲ್ಲಿ 1,35,000 ದಾಟಿತು. ಇಂಗ್ಲೆಂಡಿನ ಗೇಟ್ಸ್‌ಹೆಡ್‌ನಲ್ಲಿ ರಬ್ಬಿ ಎಲಿಯಾಹು ದೆಸ್ಲರ್ 1941ರಲ್ಲೇ ಕೋಲೆಲ್ ತೆರೆದಿದ್ದರು. ಇಸ್ರೇಲಿನ ಬ್ನೇಯ್ ಬ್ರಾಕ್‌ನಲ್ಲಿ ಹಜೋನ್ ಈಶ್ ಎಂದೇ ಪ್ರಸಿದ್ಧರಾದ ರಬ್ಬಿ ಅವ್ರಹಾಂ ಯೆಶಾಯಾ ಕರೆಲಿತ್ಸ್ ಈ ಆದರ್ಶಕ್ಕೆ ಬೆನ್ನೆಲುಬಾದರು. ಸುಟ್ಟುಹೋದ ಲೋಕವೊಂದನ್ನು ಮತ್ತೆ ಕಟ್ಟುವ ಹಂಬಲ ಈ ವಿಸ್ತರಣೆಯ ಹಿಂದಿದೆ. ಅದನ್ನು ಅರಿಯದೆ ಕೋಲೆಲ್ ಅರ್ಥವಾಗುವುದಿಲ್ಲ.

ಮನೆ ನಡೆಯುವುದು ಕೋಲೆಲ್ ವೇತನದಿಂದಲ್ಲ, ಬಹುಮಟ್ಟಿಗೆ ಹೆಂಡತಿಯ ದುಡಿಮೆಯಿಂದ. ಮದುವೆಯ ಕರಾರುಪತ್ರವಾದ ಕೆತುಬಾ ಪ್ರಕಾರ ಹೆಂಡತಿಗೆ ಅನ್ನಬಟ್ಟೆ ಒದಗಿಸುವ ಹೊಣೆ ಗಂಡನದು. ಹೆಂಡತಿ ಮನಸ್ಸಾರೆ ಆ ಹೊಣೆಯನ್ನು ತಾನು ಹೊತ್ತುಕೊಂಡರೆ ಮಾತ್ರ ಕೋಲೆಲ್ ಬದುಕು ಸಾಧ್ಯ. ಸಾರಾ ಶೆನಿರೆರ್ 1917ರಲ್ಲಿ ಕ್ರಾಕೋವ್ ನಗರದಲ್ಲಿ ಆರಂಭಿಸಿದ ಬೇಯ್ತ್ ಯಾಕೋವ್ ಬಾಲಕಿಯರ ಶಾಲೆಗಳು ಮುಂದೆ ಈ ಮನಸ್ಸನ್ನು ಬೆಳೆಸಿದವು. ಇಪ್ಪತ್ತನಾಲ್ಕು ವರ್ಷ ಗಂಡನನ್ನು ಓದಿಗೆ ಕಳಿಸಿಕೊಟ್ಟ ರಬ್ಬಿ ಅಕಿವಾನ ಹೆಂಡತಿಯ ಕಥೆ ತಾಲ್ಮುದ್‌ನಲ್ಲೇ ಇದೆ: ಮರಳಿ ಬಂದ ಅಕಿವಾ ತನ್ನ ವಿದ್ಯೆಯೂ ಶಿಷ್ಯರ ವಿದ್ಯೆಯೂ ಇವಳದೇ ಎಂದನಂತೆ. ಇಸ್ರೇಲಿನಲ್ಲಿ ಹರೇದಿ ಮಹಿಳೆಯರಲ್ಲಿ ಐವರಲ್ಲಿ ಸುಮಾರು ನಾಲ್ವರು ಉದ್ಯೋಗಸ್ಥರು. ಗಂಡಸರಲ್ಲಿ ಅರ್ಧದಷ್ಟು ಮಂದಿ. ಹಿಂದೆ ಶಾಲಾ ಶಿಕ್ಷಕಿಯ ಕೆಲಸವೇ ಹೆಚ್ಚಾಗಿತ್ತು, ಈಗ ಲೆಕ್ಕಪತ್ರ, ಸಾಫ್ಟ್‌ವೇರ್ ಕೆಲಸಗಳೂ ಸೇರಿವೆ. ಹಲವು ಮಕ್ಕಳ ತಾಯಿಯೊಬ್ಬಳು ಕಚೇರಿಯನ್ನೂ ಮನೆಯನ್ನೂ ನಿಭಾಯಿಸುವ ಈ ದುಡಿಮೆಗೆ ಕೋಲೆಲ್ ಚರಿತ್ರೆಗಳಲ್ಲಿ ಸಿಗುವ ಜಾಗ ತೀರ ಚಿಕ್ಕದು. ಉಳಿದ ಕೊರತೆಯನ್ನು ತಂದೆತಾಯಿ, ಅತ್ತೆಮಾವ, ದಾನಿಗಳು, ಇಸ್ರೇಲಿನಲ್ಲಾದರೆ ಸರ್ಕಾರವೂ ತುಂಬುತ್ತವೆ.

ಓದಿಗಾಗಿ ಹಣ ಪಡೆಯುವುದು ಸರಿಯೇ ಎಂಬ ವಾದ ಯೆಹೂದಿಗಳೊಳಗೇ ಹಳೆಯದು. ತೋರಾ ಓದುತ್ತ ದಾನದಿಂದ ಹೊಟ್ಟೆ ಹೊರೆಯುವವನನ್ನು 12ನೆಯ ಶತಮಾನದ ಮೈಮೊನಿಡೀಸ್ ಕಟುವಾಗಿ ಖಂಡಿಸಿದ್ದಾನೆ. ಹಾಗೆ ಕಟ್ಟುನಿಟ್ಟಾಗಿ ನಡೆದರೆ ತೋರಾವೇ ಮರೆತುಹೋದೀತು ಎಂದು 16ನೆಯ ಶತಮಾನದ ಯೋಸೆಫ್ ಕಾರೋ ಉತ್ತರಿಸಿದ. ಬೈಬಲಿನ ಯಾಕೋಬನ ಮಕ್ಕಳಲ್ಲಿ ವ್ಯಾಪಾರಿ ಜೆಬುಲೂನ್ ವಿದ್ವಾಂಸ ಇಸ್ಸಾಕಾರನನ್ನು ಪೋಷಿಸಿ ಪುಣ್ಯದಲ್ಲಿ ಪಾಲು ಪಡೆದನೆಂಬ ನಂಬಿಕೆ ದಾನಿಗಳಿಗೆ ಆಧಾರ. ಅಮೆರಿಕದ ರಬ್ಬಿ ಮೋಶೆ ಫೈನ್‌ಸ್ಟೈನ್ ವೇತನ ಪಡೆಯುವುದನ್ನು ಸ್ಪಷ್ಟವಾಗಿ ಸಮರ್ಥಿಸಿದರು.

ಇಸ್ರೇಲಿನಲ್ಲಿ ಪ್ರಶ್ನೆ ಸೈನ್ಯಕ್ಕೆ ತಗಲಿಕೊಂಡಿದೆ. 1948ರಲ್ಲಿ ಪ್ರಧಾನಿ ಬೆನ್ ಗುರಿಯಾನ್ 400 ವಿದ್ಯಾರ್ಥಿಗಳಿಗೆ ಕಡ್ಡಾಯ ಸೇವೆಯಿಂದ ವಿನಾಯಿತಿ ಕೊಟ್ಟರು. 1977ರಲ್ಲಿ ಬೆಗಿನ್ ಸರ್ಕಾರ ಬಂದ ಮೇಲೆ ಮಿತಿ ಹೋಯಿತು. ಯೆಶಿವಾ, ಕೋಲೆಲ್ ಎರಡೂ ಸೇರಿ ಓದುವವರ ಸಂಖ್ಯೆ ಎಂದೋ ಲಕ್ಷ ದಾಟಿದೆ. ಓದು ಬಿಟ್ಟು ಕೆಲಸಕ್ಕೆ ಸೇರಿದರೆ ವಿನಾಯಿತಿಯೂ ಹೋಗುತ್ತಿದ್ದುದರಿಂದ, ಓದಿನಲ್ಲಿ ಮನಸ್ಸಿಲ್ಲದವರೂ ಕೋಲೆಲ್‌ನಲ್ಲೇ ಉಳಿದರು. ನಾಲ್ಕು ನೂರು ಮಂದಿಗೆಂದು ಮಾಡಿದ ಏರ್ಪಾಡನ್ನು ಇಡೀ ಸಮಾಜಕ್ಕೆ ಹಿಗ್ಗಿಸಿದ್ದೇ ಇಂದಿನ ಬಿಕ್ಕಟ್ಟಿನ ಮೂಲ. ಈ ವಿನಾಯಿತಿಗೆ ಆಧಾರ ಒದಗಿಸಿದ್ದ 2002ರ ತಾಲ್ ಕಾನೂನನ್ನು 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. 2024ರ ಜೂನ್ 25ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಹರೇದಿ ಯುವಕರನ್ನು ಸೇನೆಗೆ ಕರೆಯದಿರಲು ಕಾನೂನಿನ ಆಧಾರವಿಲ್ಲವೆಂದೂ ಹಾಗೆ ಸೇವೆಗೆ ಹೋಗದವರ ಓದಿಗೆ ಸರ್ಕಾರದ ಹಣ ಸಲ್ಲದೆಂದೂ ತೀರ್ಪಿತ್ತರು.

ಅಮೆರಿಕದಲ್ಲಿ ಕಡ್ಡಾಯ ಸೇನಾಸೇವೆಯ ಆ ಕಟ್ಟಿಲ್ಲ. ಮದುವೆಯ ಮೊದಲ ಕೆಲವು ವರ್ಷ ಓದಿ, ಸಂಸಾರ ಬೆಳೆದಂತೆ ವ್ಯಾಪಾರ, ಲೆಕ್ಕಪರಿಶೋಧನೆ, ಬೋಧನೆಗೆ ಹೊರಳುವವರು ಅಲ್ಲಿ ಬಹಳ. ಟೊರಾಂಟೊ, ಶಿಕಾಗೊ, ಲಾಸ್ ಏಂಜಲೀಸ್‌ಗಳಲ್ಲಿ ಊರ ಜನರಿಗೆ ಪಾಠ ಹೇಳುವ ಸಮುದಾಯ ಕೋಲೆಲ್‌ಗಳಿವೆ. ಕೆಲಸಕ್ಕೆ ಹೋಗುವವರಲ್ಲಿ ಅನೇಕರು ಮುಂಜಾನೆಯೋ ರಾತ್ರಿಯೋ ಒಂದು ಪಾಳಿಯನ್ನು ಉಳಿಸಿಕೊಂಡು ಜೊತೆಗಾರನೊಂದಿಗೆ ಓದುತ್ತಾರೆ.