ಹಿತ್ತಲ ಓಣಿಯ ಋಣ

ಬೆಂಗಳೂರಿನಲ್ಲಿ ‘ನಮ್ಮ ಮನೆ ಮಲ್ಲೇಶ್ವರದಲ್ಲಿ’ ಎಂದು ಹೇಳಿ ನೋಡಿ. ಕೇಳಿದವರ ಮಾತಿನಲ್ಲಿ ಮರ್ಯಾದೆ ಒಂದು ತೂಕ ಹೆಚ್ಚುತ್ತದೆ. ಸಂಪಿಗೆ ರಸ್ತೆ, ಎಂಟನೆಯ ಅಡ್ಡರಸ್ತೆಯ ಹೂವಿನಂಗಡಿಗಳು, ಕಾಡುಮಲ್ಲೇಶ್ವರನ ಗುಡಿಯ ಗಂಟೆ, ಮರದ ಜಾಲರಿಯ ಮುಖಮಂಟಪವುಳ್ಳ ಅಳಿದುಳಿದ ಹೆಂಚಿನ ಮನೆಗಳು, ಇವೆಲ್ಲ ಅಲ್ಲಿನವರ ಹೆಮ್ಮೆ. ಆದರೆ ಆ ಬಡಾವಣೆ ಬೆಳೆದದ್ದು ಭಯದಿಂದ ಎಂದರೆ ನೀವು ನಂಬುವಿರಾ?

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಇಲಿ ಬಿತ್ತೆಂದರೆ ಮನೆ ಬಿಡಬೇಕು. ಪೇಟೆಯ ಜನ ಊರಾಚೆ ಗುಡಿಸಲು ಹಾಕಿಕೊಂಡರು. ರೋಗವನ್ನು ಹರಡುವುದು ಇಲಿಯ ಮೈಮೇಲಿನ ಚಿಗಟ ಎಂಬ ಮಾತು ಆಗಿನ್ನೂ ಎಲ್ಲರಿಗೂ ಒಪ್ಪಿಗೆಯಾಗಿರಲಿಲ್ಲ. ಒತ್ತೊತ್ತಾದ ಮನೆಗಳೂ ಗಾಳಿಬೆಳಕಿಲ್ಲದ ಸಂದಿಗಳೂ ರೋಗಕ್ಕೆ ಕಾರಣವೆಂದು ಬಗೆದ ಮೈಸೂರು ಸರ್ಕಾರವು ಉತ್ತರಕ್ಕೆ ಮಲ್ಲೇಶ್ವರವನ್ನೂ ದಕ್ಷಿಣಕ್ಕೆ ಬಸವನಗುಡಿಯನ್ನೂ ಬೆಳೆಸಿತು.

ಬಡಾವಣೆ ಹೊಸದಾದರೂ ಹೆಸರು ಹಳೆಯದು. ಶಿವಾಜಿಯ ಮಲಸೋದರ ಏಕೋಜಿಯು ಈ ದೇವಾಲಯಕ್ಕೆ ಹಳ್ಳಿಯೊಂದನ್ನು ದತ್ತಿ ಬಿಟ್ಟ 1669ರ ಶಾಸನದಲ್ಲಿಯೇ ಮಲ್ಲಪುರದ ಹೆಸರು ಬಂದಿದೆ.

ಅಗಲವಾದ ನೇರ ರಸ್ತೆ, ಮನೆಮನೆಗೂ ನಡುವೆ ತೆರಪು, ಸುತ್ತ ಗಿಡಮರ. ಇಂದು ನಾವು ಸೊಗಸೆಂದು ಮೆಚ್ಚುವ ಇವೆಲ್ಲ ಅಂದು ಆರೋಗ್ಯದ ಏರ್ಪಾಡುಗಳು. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯುಂಟಷ್ಟೆ. ಮಲ್ಲೇಶ್ವರದಲ್ಲಾದರೋ ಮದ್ದಿದ್ದದ್ದು ಹಿತ್ತಲಲ್ಲಿಯೇ. ಎರಡು ಸಾಲು ಮನೆಗಳ ಬೆನ್ನಿನ ನಡುವೆ ಕಿರಿದಾದ ಓಣಿಯೊಂದನ್ನು ಬಿಟ್ಟಿದ್ದರು. ಜನರ ಬಾಯಲ್ಲಿ ಅದು ‘ಕನ್ಸರ್ವೆನ್ಸಿ’. ಒಳಚರಂಡಿ ಇಲ್ಲದ ಆ ಕಾಲದಲ್ಲಿ, ಜಾಡಮಾಲಿಗಳೆಂದು ಕರೆಯಲ್ಪಡುತ್ತಿದ್ದವರು ಆ ಓಣಿಯಿಂದ ಬಂದು, ಹಿತ್ತಲ ಪಾಯಿಖಾನೆಗಳ ಮಲವನ್ನು ಹೊತ್ತು, ಆ ಓಣಿಯಿಂದಲೇ ಹೋಗಬೇಕಾಗಿತ್ತು. ಬಡಾವಣೆಯನ್ನು ಶುಚಿಯಾಗಿಟ್ಟವರು ಅವರು. ಮುಂಬಾಗಿಲನ್ನು ಮಾತ್ರ ತುಳಿಯುವಂತಿರಲಿಲ್ಲ. ಕೆಲಸವನ್ನು ಹಂಚಿದ ಜಾತಿಯೇ ದಾರಿಯನ್ನೂ ಹಂಚಿತ್ತು. ಮಲ ಹೊರಿಸುವುದನ್ನು ದೇಶದ ಕಾನೂನು ನಿಷೇಧಿಸಿದ್ದು 1993ರಲ್ಲಿ. 2013ರಲ್ಲಿ ಇನ್ನೂ ಬಿಗಿಯಾದ ಕಾನೂನು ಬಂದಿತು.

ಊರಿನ ಚರಿತ್ರೆಯನ್ನು ಪಾಠ ಹೇಳುವಾಗ ಒಮ್ಮೆ ನನ್ನ ಶಿಷ್ಯನೊಬ್ಬ ಎದ್ದು ನಿಂತು, “ಮೇಷ್ಟ್ರೇ, ಮುಂದಿನ ರಸ್ತೆಗೆ ಸಂಪಿಗೆಯ ಹೆಸರಿದೆ; ಹಿಂದಿನ ಓಣಿಗೆ ಯಾಕೆ ಹೆಸರಿಲ್ಲ?” ಎಂದು ಕೇಳಿದ. ವ್ಯಾಕರಣದ ಪ್ರಶ್ನೆಯಾಗಿದ್ದರೆ ಒಡನೆ ಉತ್ತರ ಹೇಳುತ್ತಿದ್ದೆ. ಅಂದು ಸುಮ್ಮನೆ ನಿಂತೆ.

ಈಗ ಹಳೆಯ ಮನೆಗಳು ಉರುಳಿ ಬಹುಮಹಡಿಗಳು ಏಳುತ್ತಿವೆ. ಕೆಲವು ಓಣಿಗಳು ಒತ್ತುವರಿಯಾಗಿವೆ. ಕೆಲವಕ್ಕೆ ಬಣ್ಣ ಬಳಿದು ಕಾಲುದಾರಿ ಮಾಡಿದ್ದಾರೆ. ಹಳೆಯ ಮನೆಗಳನ್ನು ಉಳಿಸಿರೆಂದು ನಾವು ದನಿಯೆತ್ತುವುದು ಸರಿಯೇ. ಅದರೊಡನೆ ಓಣಿಗಳೂ ಉಳಿಯಲಿ. ನೀವು ಮಲ್ಲೇಶ್ವರದವರಾಗಿದ್ದರೆ ಒಂದು ಸಂಜೆ ಮಕ್ಕಳ ಕೈಹಿಡಿದು ಆ ಓಣಿಯಲ್ಲಿ ನಡೆದು, ಅಲ್ಲಿ ಯಾರು, ಏನನ್ನು ಹೊತ್ತು ನಡೆದರೆಂಬುದನ್ನು ಹೇಳಿ. ಮನೆಯ ಚರಿತ್ರೆಯಲ್ಲಿ ಅದೂ ಸೇರಿದೆ.